ಘಾಟಿಯ ಸೈಕಲ್ಲು, ಘಾಟಿಯವರ ಸೈಕಲ್ಲು

"ಸಾರ್, ನಿಮ್ಮೂರ ಕಡೆ ಸೈಕಲ್ ಹೊಡಿಯೋಕೆ ಒಂದು ಒಳ್ಳೇ ರೂಟ್ ಹೇಳಿ" ಅಂತ ಕೇಳುವವರು ಈಗೀಗ ಜಾಸ್ತಿ ಆಗಿದ್ದಾರೆ. ನಮ್ಮ ಅಪಾರ್ಟ್‌ಮೆಂಟಿನ ಸಾಫ್ಟ್‌ವೇರ್ ಹುಡುಗರು, ಬ್ಯಾಂಕಿಗೆ ಹೊಸದಾಗಿ ಬಂದ ಆಫೀಸರುಗಳು, ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮದಲ್ಲಿ ಸಿಗುವ ಕನ್ನಡದವರ ಮಕ್ಕಳು... ಇವರ ಹತ್ತಿರ ಇರುವ ಸೈಕಲ್ಲುಗಳ ಬೆಲೆ ಕೇಳಿದರೆ ನಾನು ಕೊಂಡ ಮೊದಲ ಸ್ಕೂಟರು ನಾಚಿಕೊಳ್ಳಬೇಕು. ನಾನು ಕೊಪ್ಪ ತಾಲ್ಲೂಕಿನವನು, ಹೈದರಾಬಾದಿಗೆ ಬಂದು ಮೂವತ್ತು ವರ್ಷ ಆಗುತ್ತಾ ಬಂತು, ಆದರೂ ಮಲೆನಾಡಿನವನು ಅಂದ ತಕ್ಷಣ ನನಗೆ ಅಲ್ಲಿನ ಪ್ರತಿ ತಿರುವೂ ಬಾಯಿಪಾಠ ಅಂತ ಇವರ ನಂಬಿಕೆ. ಪೂರ್ತಿ ಸುಳ್ಳೇನಲ್ಲ ಬಿಡಿ. ಪ್ರತಿ ವರ್ಷ ಡಿಸೆಂಬರಿನಲ್ಲಿ ರಜೆ ಹಾಕಿ ಊರಿಗೆ ಹೋದಾಗ ನಾನೂ ನನ್ನ ಏಳು ಗೇರಿನ ಸೈಕಲ್ಲಿನಲ್ಲಿ ಒಂದಿಷ್ಟು ಸುತ್ತುತ್ತೇನೆ. ಆದರೆ ಇತ್ತೀಚೆಗೆ ಈ ಪ್ರಶ್ನೆಗೆ ನನ್ನ ಉತ್ತರ ಉದ್ದವಾಗುತ್ತಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಕೇಳಿದವರು ವಾಚು ನೋಡಿಕೊಳ್ಳುತ್ತಾರೆ. ಅದಕ್ಕೇ ಇಲ್ಲಿ ಬರೆದುಬಿಡೋಣ ಅನ್ನಿಸಿತು. ಇಲ್ಲಾದರೆ ಬೇಡದವರು ಓದದೇ ಹೋಗಬಹುದು :)

ಮೊದಲು ಕೇಳಿದ್ದಕ್ಕೆ ಉತ್ತರ. ನನ್ನ ಲೆಕ್ಕದಲ್ಲಿ ಮೊದಲ ಮರ್ಯಾದೆ ಆಗುಂಬೆಗೇ. ಹೆಬ್ರಿ ಕಡೆಯಿಂದ ಸೋಮೇಶ್ವರಕ್ಕೆ ಬಂದು ಅಲ್ಲಿಂದ ಹದಿನಾಲ್ಕು ತಿರುವು ಹತ್ತಬೇಕು. ಹತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಹತ್ತಿರ ಹತ್ತಿರ 500 ಮೀಟರ್ ಏರಿಕೆ. ಅಂದರೆ ನೂರು ಮೀಟರ್ ಹೋದರೆ ಐದಾರು ಮೀಟರ್ ಮೇಲೆ. ಕಾಲಿದ್ದವನಿಗೆ ಕಷ್ಟವಲ್ಲ, ಅಹಂಕಾರ ಇದ್ದವನಿಗೆ ಕಷ್ಟ. ದೊಡ್ಡ ಲಾರಿಗಳಿಗೆ ಈ ಘಾಟಿಯಲ್ಲಿ ಪ್ರವೇಶ ಇಲ್ಲದ್ದರಿಂದ ಸೈಕಲ್ಲಿನವರ ಪುಣ್ಯ. ಬೆಳಿಗ್ಗೆ ಆರೂವರೆಗೆ ಸೋಮೇಶ್ವರ ಬಿಟ್ಟರೆ ಎಂಟರ ಹೊತ್ತಿಗೆ ಆಗುಂಬೆಯ ಹೋಟೆಲಿನಲ್ಲಿ ಕಾಫಿ. ಸಂಜೆ ಮಾತ್ರ ಹೋಗಬೇಡಿ. ಸೂರ್ಯಾಸ್ತದ ಕಟ್ಟೆಯ ಹತ್ತಿರ ನಿಂತ ಕಾರುಗಳು, ಅವುಗಳ ನಡುವೆ ಮಂಗಗಳು, ಮಂಗಗಳಿಗೆ ಚಿಪ್ಸು ಎಸೆಯುವವರು... ಸೂರ್ಯನಿಗೇ ಬೇಜಾರಾಗಿ ಬೇಗ ಮುಳುಗುತ್ತಾನೇನೋ. ಆಗುಂಬೆಯಿಂದ ಶೃಂಗೇರಿಗೆ ಇಪ್ಪತ್ತೇಳು ಕಿಲೋಮೀಟರ್ ಆಸುಪಾಸು, ಏರು ಇಳುಕಲು ಎರಡೂ ಇರುವ ನೆರಳಿನ ದಾರಿ.

ಎರಡನೆಯದು ಕಾರ್ಕಳದಿಂದ ಬಜಗೋಳಿ, ಎಸ್.ಕೆ. ಬಾರ್ಡರ್, ಕುದುರೆಮುಖ, ಕಳಸ. ಇದು ಉದ್ದದ ಏರು, ಕಾಡಿನ ನಡುವೆ. ಕುದುರೆಮುಖದಲ್ಲಿ ಅದಿರು ತೆಗೆಯುವುದು 2005ರ ಕೊನೆಗೆ ನಿಂತಿತು. ಆಮೇಲೆ ಆ ಟೌನ್‌ಶಿಪ್ಪಿನಲ್ಲಿ ಮೌನ ತುಂಬಿಕೊಂಡಿದೆ. ರಾತ್ರಿ ಗೇಟು ಹಾಕುತ್ತಾರೆ, ರಾಷ್ಟ್ರೀಯ ಉದ್ಯಾನದೊಳಗೆ ಅಂಗಡಿ ಮುಂಗಟ್ಟು ಇಲ್ಲ, ಎರಡು ಬಾಟಲಿ ನೀರು ಮತ್ತು ಒಂದು ಹೆಚ್ಚಿನ ಟ್ಯೂಬು ಇಲ್ಲದೆ ಹೊರಡಲೇಬಾರದು. ಮೂರನೆಯದು ನಮ್ಮದೇ ಊರಿನ ಕಡೆಯದು, ಕೊಪ್ಪ, ಜಯಪುರ, ಬಾಳೆಹೊನ್ನೂರು. ಇದಕ್ಕೆ ಹೆಸರಿಲ್ಲ, ಫೋಟೋ ತೆಗೆಯುವ ಪಾಯಿಂಟು ಇಲ್ಲ, ಹಾಗಾಗಿ ಜನವೂ ಇಲ್ಲ. ತೋಟ, ಗದ್ದೆ, ಮತ್ತೆ ತೋಟ, ಕೊನೆಗೆ ಭದ್ರೆ. ಚಿಕ್ಕಮಗಳೂರಿನಿಂದ ಕೈಮರದ ಮೇಲೆ ಮುಳ್ಳಯ್ಯನಗಿರಿಗೆ ಹೋಗುವುದು ಈಗಿನ ಹುಡುಗರಿಗೆ ಬಹಳ ಇಷ್ಟ. 1,930 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ, ಹೇಳಿಕೊಳ್ಳಲು ಚೆನ್ನ. ಭಾನುವಾರ ಹೋದರೆ ಕಾರುಗಳ ಹೊಗೆ ಕುಡಿದುಕೊಂಡು ಹತ್ತಬೇಕು, ಅಷ್ಟೇ.

ಇನ್ನು ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಲಟ್ಟಿ ಘಾಟಿ. ಮೂವತ್ತಾರು ತಿರುವು. 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಎಂಬ ಸೈಕಲ್ ಪ್ರವಾಸ ಅದನ್ನು ದೇಶಕ್ಕೆಲ್ಲ ಪರಿಚಯ ಮಾಡಿಸಿತು. ನಾನು ಆ ರಸ್ತೆಯನ್ನು ಜೀಪಿನಲ್ಲಿ ನೋಡಿದ್ದೇನೆ, ಸೈಕಲ್ಲಿನಲ್ಲಿ ನೋಡುವ ಆಸೆ ಇಲ್ಲ. ಗೂಡಲೂರಿನ ಕಡೆಯಿಂದ ಹತ್ತಿದರೆ ಊಟಿ ಓಡಿಹೋಗುವುದಿಲ್ಲವಲ್ಲ!

ಈ ರಸ್ತೆಗಳು ಸೈಕಲ್ಲಿಗೆ ಯಾಕೆ ಇಷ್ಟು ಒಗ್ಗುತ್ತವೆ ಅಂತ ಯಾರೂ ಕೇಳುವುದಿಲ್ಲ. ನನಗಂತೂ ಇದೇ ಮುಖ್ಯ ವಿಷಯ. ನಮ್ಮ ಹಳೆಯ ಘಾಟಿ ರಸ್ತೆಗಳು ಮೋಟಾರಿಗಾಗಿ ಹುಟ್ಟಿದವಲ್ಲ. ಕಬ್ಬನ್ ಸಾಹೇಬರ ಕಮಿಷನರ್ ಆಡಳಿತದ ಕಾಲದಿಂದ, ಅಂದರೆ 19ನೇ ಶತಮಾನದ ನಡುವಿನಿಂದ, ಮೈಸೂರು ಸೀಮೆಯ ಕಾಫಿ, ಅಡಿಕೆ, ಧಾನ್ಯ ಕರಾವಳಿಗೆ ಇಳಿಯಬೇಕು, ಅಲ್ಲಿಂದ ಉಪ್ಪು ಮೇಲೆ ಬರಬೇಕು ಅಂತ ಎತ್ತಿನ ಗಾಡಿಗಾಗಿ ಕಡಿದ ದಾರಿಗಳು ಇವು. ಹೇರು ತುಂಬಿದ ಗಾಡಿಯನ್ನು ಒಂದು ಜೊತೆ ಎತ್ತು ಎಳೆಯಬೇಕಾದರೆ ಏರು ಒಂದು ಮಿತಿ ದಾಟುವ ಹಾಗಿಲ್ಲ. ಅದಕ್ಕೇ ಅಷ್ಟು ತಿರುವು. ಎತ್ತಿನ ಉಸಿರಿಗೆ ಹೊಂದುವ ಏರು ಮನುಷ್ಯನ ಉಸಿರಿಗೂ ಹೊಂದುತ್ತದೆ. ಇಷ್ಟು ದಿನ ನಾವು 'ಈ ತಿರುವುಗಳ ಕಾಟ' ಅಂತ ಬೈದುಕೊಂಡು ಬಸ್ಸಿನ ಕಿಟಕಿಯಲ್ಲಿ ವಾಂತಿ ಮಾಡಿದ್ದೇ ಬಂತು, ಆ ತಿರುವುಗಳು ಯಾರಿಗಾಗಿ ಇದ್ದವು ಅಂತ ಯೋಚಿಸಲಿಲ್ಲ.

ಹೈದರಾಬಾದಿನಲ್ಲಿ ಈ ಸುಖ ಇಲ್ಲ. ಇಲ್ಲಿರುವುದು ಬಂಡೆ, ಬೆಟ್ಟ ಅಲ್ಲ. ವಿಕಾರಾಬಾದಿನ ಹತ್ತಿರ ಅನಂತಗಿರಿ ಇದೆ, ಮೂಸಿ ನದಿ ಹುಟ್ಟುವ ಜಾಗ, ಒಂದು ಭಾನುವಾರಕ್ಕೆ ಸಾಕು. ದೊಡ್ಡ ಆಸೆ ಇರುವವರು ಶ್ರೀಶೈಲದ ದಾರಿ ಹಿಡಿಯುತ್ತಾರೆ. ಇನ್ನೂರು ಕಿಲೋಮೀಟರಿಗೂ ಮೇಲೆ, ಮನ್ನನೂರು ದಾಟಿದ ಮೇಲೆ ಅಮ್ರಾಬಾದ್ ಹುಲಿ ಅಭಯಾರಣ್ಯ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಗೇಟು ಬಂದ್. ಅಣೆಕಟ್ಟಿಗೆ ಇಳಿಯುವ ಘಾಟಿಯಲ್ಲಿ ನಿಂತು ಕೃಷ್ಣೆಯನ್ನು ನೋಡಿದರೆ ಕನ್ನಡಿಗನಾದವನಿಗೆ ಏನೋ ಒಂದು ಆಗುತ್ತದೆ. ಅಕ್ಕಮಹಾದೇವಿ ಹುಡುಕಿಕೊಂಡು ಹೋದ ಬೆಟ್ಟ ಅದು. ಯುಗಾದಿಗೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಭಕ್ತರು ಕರ್ನೂಲಿನ ದಿಕ್ಕಿನಿಂದ ನಲ್ಲಮಲ ಕಾಡನ್ನು ಕಾಲ್ನಡಿಗೆಯಲ್ಲೇ ದಾಟಿ ಬರುತ್ತಾರೆ. ಅವರ ಮುಂದೆ ನಮ್ಮ ಗೇರು, ಹೆಲ್ಮೆಟ್ಟು, ಬಿಗಿ ಚಡ್ಡಿ ಎಲ್ಲ ಸ್ವಲ್ಪ ತಮಾಷೆಯಾಗಿ ಕಾಣುತ್ತವೆ.

ಇನ್ನೊಂದು ಹೇಳಲೇಬೇಕು. 2023ರ ಅಕ್ಟೋಬರ್ ಒಂದನೇ ತಾರೀಖು ಇಲ್ಲಿನ ಔಟರ್ ರಿಂಗ್ ರೋಡಿನ ಪಕ್ಕ ಒಂದು ಸೈಕಲ್ ದಾರಿ ಶುರುವಾಯಿತು. 23 ಕಿಲೋಮೀಟರ್ ಉದ್ದ, 4.5 ಮೀಟರ್ ಅಗಲ, ತಲೆಯ ಮೇಲೆ ಸೂರು, ಸೂರಿನ ಮೇಲೆ 16 ಮೆಗಾವಾಟ್ ಸೋಲಾರ್. ನಾನು ವಾರಕ್ಕೆರಡು ಸಲ ಹೋಗುತ್ತೇನೆ, ಖುಷಿಯಿಂದಲೇ. ಬಿಸಿಲಿಲ್ಲ, ಲಾರಿ ಇಲ್ಲ, ನಾಯಿ ಕೂಡ ಕಡಿಮೆ. ಅಲ್ಲಿ ಸೈಕಲ್ ಹೊಡೆಯುವವರಲ್ಲಿ ಮುಕ್ಕಾಲು ಪಾಲು ಜನ ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿಕೊಂಡು ಬರುತ್ತಾರೆ. ಎಲ್ಲಿಗೋ ಹೋಗುವುದಕ್ಕಲ್ಲ, ಹೋಗಿ ಬರುವುದಕ್ಕೆ. ಅದರಲ್ಲಿ ತಪ್ಪೇನಿಲ್ಲ, ನಾನೂ ಅವರಲ್ಲಿ ಒಬ್ಬ. ಆದರೆ ಎಲ್ಲಿಗಾದರೂ ಹೋಗಲೇಬೇಕಾದವರಿಗೆ ಸೈಕಲ್ಲು ಏನಾಗಿದೆ ಅಂತ ನೋಡಿದಾಗ ತಲೆ ಕೆಡುತ್ತದೆ.

ವಿಷಯಕ್ಕೆ ಬರುತ್ತೇನೆ. ಕಳೆದ ಡಿಸೆಂಬರಿನಲ್ಲಿ ಕೊಪ್ಪದಿಂದ ಬಾಳೆಹೊನ್ನೂರಿಗೆ ಹೋಗಿ ಬಂದೆ. ಶಾಲೆ ಇದ್ದ ದಿನ, ಶಾಲೆಯ ಹೊತ್ತು. ದಾರಿಯಲ್ಲಿ ಸೈಕಲ್ಲಿನ ಮೇಲೆ ನನಗೆ ಸಿಕ್ಕವರು ಐದು ಜನ, ಐದೂ ಜನ ಬೆಂಗಳೂರಿನವರು. ಯೂನಿಫಾರ್ಮು ಹಾಕಿಕೊಂಡ ಮಕ್ಕಳು ಮಾತ್ರ ಮೂರು ಮೂರು, ನಾಲ್ಕು ನಾಲ್ಕು ಜನ ಗುಂಪಾಗಿ ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದರು. ಕೆಲವು ಗಂಡುಹುಡುಗರು ಯಾರದೋ ಬೈಕಿಗೆ ಕೈ ಅಡ್ಡ ಹಾಕುತ್ತಿದ್ದರು. ನೋಡಿ, ದೇಶದ ಅತಿ ಚೆಂದದ ಸೈಕಲ್ ರಸ್ತೆ ಅಂತ ಹೊರಗಿನವರು ಹೇಳುವ ಜಾಗದಲ್ಲಿ ಅಲ್ಲಿಯ ಮಗು ಒಂದೂ ಸೈಕಲ್ಲಿನ ಮೇಲಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

"ಮಲೆನಾಡಲ್ಲಿ ಯಾವತ್ತು ಸೈಕಲ್ ಇತ್ತು ಮಾರಾಯ?" ಅಂತ ನನ್ನ ಅಣ್ಣ ಕೇಳಿದ. ಇರಲಿಲ್ಲ, ನಿಜ. ನಾನು 1980ರ ದಶಕದಲ್ಲಿ ಹೈಸ್ಕೂಲಿಗೆ ಹೋದದ್ದು ಏಳು ಕಿಲೋಮೀಟರ್ ನಡೆದೇ. ಮಳೆಗಾಲದಲ್ಲಿ ಕಾಲಿಗೆ ಉಂಬಳ, ತಲೆಗೆ ಕಂಬಳಿ ಕೊಪ್ಪೆ. ಊರಿಗೆ ಎರಡು ಸೈಕಲ್ ಇದ್ದವು, ಒಂದು ಪೋಸ್ಟ್‌ಮ್ಯಾನ್‌ದು, ಇನ್ನೊಂದು ಮೀನಿನವನದು. ಇಬ್ಬರೂ ಅದನ್ನು ಹತ್ತಿದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಆದರೆ ಆಮೇಲೆ ಸೈಕಲ್ಲು ಬಂತಲ್ಲ, ಮನೆ ಮನೆಗೆ! 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಿತು. ಮೊದಲು ಹೆಣ್ಣುಮಕ್ಕಳು, ಆಮೇಲೆ ಗಂಡುಮಕ್ಕಳೂ ಸೇರಿದರು. ಹದಿಮೂರು ಹದಿನಾಲ್ಕು ವರ್ಷ ಅದು ನಡೆಯಿತು. 2020-21ರಲ್ಲಿ ಕೊರೊನಾ ಕಾಲಕ್ಕೆ ನಿಂತದ್ದು ಮುಂದಿನ ವರ್ಷಗಳಲ್ಲೂ ಮಕ್ಕಳ ಕೈಗೆ ಬರಲಿಲ್ಲ.

ಅಣ್ಣನ ಮಗಳಿಗೂ ಒಂದು ಸಿಕ್ಕಿತ್ತು. ನಮ್ಮ ಮನೆ ಹಳ್ಳದ ಬದಿಯಲ್ಲಿ ಕೆಳಗಿದೆ, ಶಾಲೆ ಮೇಲೆ. ಆ ವರ್ಷ ದಸರಾ ರಜೆಗೆ ಹೋದಾಗ, "ಸೈಕಲ್ ಹೇಗಿದೆ ಮಗಾ?" ಅಂತ ಕೇಳಿದೆ. "ಹೋಗುವಾಗ ನಾನು ಅದನ್ನು ಕರಕೊಂಡು ಹೋಗ್ತೇನೆ ಚಿಕ್ಕಪ್ಪ, ಬರುವಾಗ ಅದು ನನ್ನನ್ನು ಕರಕೊಂಡು ಬರ್ತದೆ" ಅಂದಳು. ಆರು ತಿಂಗಳಾದ ಮೇಲೆ ಕರೆದುಕೊಂಡು ಹೋಗುವುದು ಬೇಸರವಾಗಿ ಸೈಕಲ್ಲು ಅಡಿಕೆ ಕೊಟ್ಟಿಗೆಯ ಅಟ್ಟ ಸೇರಿತು. ನಮ್ಮ ಮನೆಯ ಅಟ್ಟದಲ್ಲಷ್ಟೇ ಅಲ್ಲ, ಆಚೆ ಮನೆ ಈಚೆ ಮನೆಯ ಅಟ್ಟದಲ್ಲೂ ಇದ್ದವು. ಸೀಟಿನ ಪ್ಲಾಸ್ಟಿಕ್ ಕೂಡ ಹರಿಯದ ಸೈಕಲ್ಲುಗಳು. ಪೇಟೆಯವರು ಇದನ್ನು ನೋಡಿ "ಬಿಟ್ಟಿ ಕೊಟ್ಟರೆ ಹೀಗೇ, ಬೆಲೆ ಗೊತ್ತಾಗಲ್ಲ" ಅಂತ ಹೇಳುವುದನ್ನು ಕೇಳಿದ್ದೇನೆ. ನನಗೆ ಸಿಟ್ಟು ಬರುವುದು ಈ ಮಾತಿಗೆ.

ಸ್ವಲ್ಪ ಲೆಕ್ಕ ಮಾಡೋಣ. ನಾನು ಬಿಕಾಂ, ಭೌತಶಾಸ್ತ್ರ ನನಗೆ ಹತ್ತನೇ ಕ್ಲಾಸಿಗೇ ಮುಗಿಯಿತು, ಆದರೆ ಗುಣಾಕಾರ ಭಾಗಾಕಾರ ಬ್ಯಾಂಕಿನವನಿಗೆ ಬರಲೇಬೇಕಲ್ಲ. ಅಟ್ಟದಿಂದ ಆ ಸೈಕಲ್ಲನ್ನು ಇಳಿಸಿ ಹಲ್ಲು ಎಣಿಸಿದೆ. ಪೆಡಲ್ ಇರುವ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಚಕ್ರದ ಸುತ್ತಳತೆ ಎರಡು ಮೀಟರಿಗೆ ಒಂಚೂರು ಮೇಲೆ. ಅಂದರೆ ಪೆಡಲನ್ನು ಒಂದು ಸುತ್ತು ತುಳಿದರೆ ಸೈಕಲ್ಲು ಐದು ಮೀಟರ್ ಮುಂದೆ ಹೋಗುತ್ತದೆ. ಬಯಲುಸೀಮೆಯಲ್ಲಿ ಇದು ಸ್ವರ್ಗ. ಆದರೆ ನೂರಕ್ಕೆ ಆರರ ಏರಿನಲ್ಲಿ ಐದು ಮೀಟರ್ ಮುಂದೆ ಅಂದರೆ ಒಂದು ಅಡಿ ಮೇಲೆ. ಹದಿಮೂರು ವರ್ಷದ ಹುಡುಗಿ, ಅವಳ ಚೀಲ, ಹದಿನೆಂಟು ಇಪ್ಪತ್ತು ಕೆಜಿಯ ಆ ಸೈಕಲ್ಲು ಎಲ್ಲವನ್ನೂ ಪ್ರತಿ ಸುತ್ತಿಗೆ ಒಂದು ಅಡಿ ಎತ್ತಬೇಕು. ಬೆಂಗಳೂರಿನಿಂದ ಬರುವ ಸಾಹೇಬರ ಸೈಕಲ್ಲು? ಏರಿನಲ್ಲಿ ಅವರು ಮುಂದೆ 34, ಹಿಂದೆ 32 ಹಲ್ಲು ಹಾಕಿಕೊಳ್ಳುತ್ತಾರೆ. ಒಂದು ಸುತ್ತಿಗೆ ಎರಡೂಕಾಲು ಮೀಟರ್ ಸಹ ಇಲ್ಲ. ಮೇಲೆ ಎತ್ತಬೇಕಾದ್ದು ಐದು ಇಂಚು. ಅವರ ಸೈಕಲ್ಲು ಹತ್ತು ಕೆಜಿ, ತಿಂದದ್ದು ಬಾಳೆಹಣ್ಣು ಮತ್ತು ಶಕ್ತಿಯ ಪುಡಿ.

ಈಗ ಹೇಳಿ, ಬೆಲೆ ಗೊತ್ತಿಲ್ಲದವರು ಯಾರು? ಚಿತ್ರದುರ್ಗಕ್ಕೂ ಕೊಪ್ಪಕ್ಕೂ ಒಂದೇ ಸೈಕಲ್ಲು ಕೊಟ್ಟವರೋ, ಅದನ್ನು ತಳ್ಳಿ ತಳ್ಳಿ ಸುಸ್ತಾಗಿ ಅಟ್ಟಕ್ಕೆ ಹಾಕಿದವರೋ?

ಸೈಕಲ್ಲು ಕೊಟ್ಟರೆ ಪ್ರಯೋಜನ ಇಲ್ಲ ಅಂತ ವಾದ ಮಾಡುವವರಿಗೆ ಬಿಹಾರ ತೋರಿಸಬೇಕು. ಅಲ್ಲಿಯೂ 2006ರಲ್ಲೇ ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಸೈಕಲ್ ಯೋಜನೆ ಶುರುವಾದದ್ದು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಳೆದು ನೋಡಿ 2017ರಲ್ಲಿ ಪ್ರಕಟಿಸಿದರು. ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇ 30ಕ್ಕೂ ಮೇಲೆ ಹೆಚ್ಚಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಇಳಿದಿತ್ತು. ಶಾಲೆ ಮೂರು ಕಿಲೋಮೀಟರಿಗಿಂತ ದೂರ ಇದ್ದ ಹಳ್ಳಿಗಳಲ್ಲಿ ಪರಿಣಾಮ ಇನ್ನೂ ಜೋರು. ಆದರೆ ಗಂಗೆಯ ಬಯಲು ಅದು, ಚಪಾತಿ ಲಟ್ಟಿಸಿದ ಹಾಗಿರುವ ನೆಲ. ಅಲ್ಲಿ 44-18 ಓಡುತ್ತದೆ. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ, ಮಡಿಕೇರಿ, ಸಿದ್ದಾಪುರದಲ್ಲಿ ಓಡುವುದಿಲ್ಲ. ದೂರ ಇರುವ ಕಡೆಯೇ ಸೈಕಲ್ಲು ಹೆಚ್ಚು ಉಪಯೋಗ ಅಂತಾದರೆ ಮಲೆನಾಡಿಗಿಂತ ದೂರ ದೂರದ ಮನೆಗಳು ಎಲ್ಲಿವೆ ಸ್ವಾಮಿ? ನಮ್ಮಲ್ಲಿ ಪಕ್ಕದ ಮನೆ ಅಂದರೆ ಒಂದು ಕಿಲೋಮೀಟರ್!

ನನ್ನ ಅಭಿಪ್ರಾಯ ಇಷ್ಟೇ. ಯೋಜನೆಯನ್ನು ಮತ್ತೆ ಶುರು ಮಾಡುವುದಾದರೆ ಮಲೆನಾಡಿನ ತಾಲ್ಲೂಕುಗಳಿಗೆ ಬೇರೆ ಸೈಕಲ್ಲು ಕೊಡಿ. ಗೇರಿನದೇ ಆಗಬೇಕೆಂದಿಲ್ಲ. ಗೇರು ಅಂದ ತಕ್ಷಣ ಖರ್ಚು, ರಿಪೇರಿ ಅಂತ ತಲೆ ಚಚ್ಚಿಕೊಳ್ಳುತ್ತಾರೆ. ಅದರಲ್ಲಿ ಅರ್ಥವೂ ಇದೆ. ಆಗುಂಬೆ ಕಡೆ ವರ್ಷಕ್ಕೆ ಏಳೂವರೆ ಸಾವಿರ ಮಿಲಿಮೀಟರ್ ಮಳೆ. ಗೇರು ಬದಲಿಸುವ ಆ ಸಣ್ಣ ಯಂತ್ರ ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಕೂರುತ್ತದೆ, ಸರಿ ಮಾಡುವವರು ಹಳ್ಳಿಯಲ್ಲಿಲ್ಲ. ಅದು ಬೇಡ. ಮುಂದೆ 44ರ ಬದಲು 36 ಹಲ್ಲು, ಹಿಂದೆ 18ರ ಬದಲು 22 ಹಲ್ಲು ಹಾಕಿ ಕೊಡಿ. ಒಂದು ಸುತ್ತಿಗೆ ಮೂರು ಮೀಟರ್ ನಲವತ್ತು ಸೆಂಟಿಮೀಟರ್, ಅದೇ ಏರಿನಲ್ಲಿ ಎತ್ತಬೇಕಾದ್ದು ಎಂಟು ಇಂಚು. ಒಂದಡಿ ಎಲ್ಲಿ, ಎಂಟು ಇಂಚು ಎಲ್ಲಿ! ಕಬ್ಬಿಣ ಅಷ್ಟೇ, ಕೆಲಸಗಾರರು ಅಷ್ಟೇ, ಕಾರ್ಖಾನೆ ಅದೇ. ಸಮತಟ್ಟಿನಲ್ಲಿ ವೇಗ ಕಡಿಮೆ ಆಗುತ್ತದೆ, ಆಗಲಿ ಬಿಡಿ. ನಮ್ಮೂರಿನಲ್ಲಿ ಸಮತಟ್ಟಾದ ಜಾಗ ಅಂತ ಇರುವುದು ಅಡಿಕೆ ಒಣಗಿಸುವ ಅಂಗಳ ಒಂದೇ. ಟೆಂಡರಿನ ಕಾಗದದಲ್ಲಿ ಎರಡು ಅಂಕಿ ಬದಲಾಯಿಸುವ ಕೆಲಸ ಇದು. 2025ರ ಸೆಪ್ಟೆಂಬರಿನಲ್ಲಿ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ, ದುಡ್ಡಿನ ನೆಪವೂ ಸ್ವಲ್ಪ ಸಡಿಲವಾಗಿದೆ.

"ಈಗ ಹೆಣ್ಣುಮಕ್ಕಳಿಗೆ ಬಸ್ ಫ್ರೀ ಅಲ್ವಾ, ಸೈಕಲ್ ಯಾಕೆ?" ಅಂತ ಒಬ್ಬ ಮಿತ್ರರು ಕೇಳಿದರು. 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯಿಂದ ಬಹಳ ಜನಕ್ಕೆ ಒಳ್ಳೆಯದಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದು ಸರ್ಕಾರಿ ಬಸ್ಸಿಗೆ. ನಮ್ಮ ಕಡೆ ತಲೆಮಾರುಗಳಿಂದ ಓಡಿದ್ದು ಖಾಸಗಿ ಬಸ್ಸು. ಕೊಪ್ಪದಲ್ಲಿ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ ಅಂತ ಒಂದಿತ್ತು, ಯಾವ ಮೂಲೆಗೂ ಅದರ ಬಸ್ಸು ಹೋಗುತ್ತಿತ್ತು, ದೇಶದ ಬೇರೆಡೆಯವರು ಬಂದು ನೋಡಿ ಹೋಗುತ್ತಿದ್ದರು. 2020ರ ಫೆಬ್ರವರಿಯಲ್ಲಿ ನಿಂತುಹೋಯಿತು. ಮುಖ್ಯರಸ್ತೆಗೆ ಬಸ್ಸು ಬಂದರೂ ಮನೆಯಿಂದ ಮುಖ್ಯರಸ್ತೆಗೆ ಮೂರು ನಾಲ್ಕು ಕಿಲೋಮೀಟರ್ ಇರುತ್ತದೆ. ಆ ಮೂರು ನಾಲ್ಕು ಕಿಲೋಮೀಟರಿಗೆ ಯಾವ ಸರ್ಕಾರದ ಬಸ್ಸೂ ಬರುವುದಿಲ್ಲ, ಬರುವುದು ಸೈಕಲ್ಲು ಮಾತ್ರ.

ಅಪಾಯದ ಮಾತಿಗೆ ನನ್ನಲ್ಲಿ ಇಷ್ಟು ಸುಲಭದ ಉತ್ತರ ಇಲ್ಲ. ಅಣ್ಣನ ಹೆದರಿಕೆ ಅದೇ. "ಆ ಟೂರಿಸ್ಟ್ ಕಾರಿನವರು ತಿರುವಿನಲ್ಲಿ ಹಾರನ್ ಕೂಡ ಮಾಡೂದಿಲ್ಲ, ಅದರ ಎದುರಿಗೆ ಮಕ್ಕಳನ್ನ ಸೈಕಲ್ಲಲ್ಲಿ ಬಿಡೂದಾ?" ಅಂತ. ಸರಿಯಾದ ಹೆದರಿಕೆ. ಶನಿವಾರ ಭಾನುವಾರ ನಮ್ಮ ರಸ್ತೆಗಳಲ್ಲಿ ನಾನೂ ಎದೆ ಗಟ್ಟಿ ಮಾಡಿಕೊಂಡೇ ಹೋಗುವುದು. ಆದರೆ ಇದಕ್ಕೆ ಎಲ್ಲರೂ ಹೇಳುವ ಮದ್ದು ಏನು? ರಸ್ತೆ ಅಗಲ ಮಾಡಿ, ತಿರುವು ನೇರ ಮಾಡಿ. ನನ್ನ ಪ್ರಕಾರ ಇದು ರೋಗಕ್ಕಿಂತ ಕೆಟ್ಟ ಮದ್ದು. ದರೆ ಕಡಿದಷ್ಟೂ ಗುಡ್ಡ ಕುಸಿಯುತ್ತದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಎಷ್ಟು ಕಡೆ ಗುಡ್ಡ ಜಾರಿ ರಸ್ತೆ ಬಂದಾಯಿತು ಅಂತ ಆ ಕಡೆಯವರಿಗೆ ಇನ್ನೂ ನೆನಪಿದೆ. ರಸ್ತೆ ನೇರ ಆದಷ್ಟೂ ಏರು ಚೂಪಾಗುತ್ತದೆ, ಕಾರಿನ ವೇಗ ಏರುತ್ತದೆ, ನಡೆಯುವವನು, ಸೈಕಲ್ಲಿನವನು ಚರಂಡಿಗೆ ಇಳಿಯುತ್ತಾನೆ. ಎತ್ತಿನ ಗಾಡಿಯ ರಸ್ತೆಯನ್ನು ಎತ್ತಿನ ಗಾಡಿಯ ಅಗಲಕ್ಕೇ ಬಿಡಿ, ಕಾರುಗಳನ್ನು ನಿಧಾನ ಮಾಡಿ. ಊರ ಮುಂದೆ, ಶಾಲೆಯ ಮುಂದೆ ಉಬ್ಬು ಹಾಕಿ. ಶಾಲೆಯ ಹೊತ್ತಿಗೆ ಗಂಟೆಗೆ ಮೂವತ್ತು ಕಿಲೋಮೀಟರ್ ಅಂತ ಬೋರ್ಡು ಹಾಕಿ, ಬೋರ್ಡಿನ ಹತ್ತಿರ ಒಬ್ಬ ಪೊಲೀಸಿನವರನ್ನು ನಿಲ್ಲಿಸಿ. ಹುಲಿಗಾಗಿ, ಆನೆಗಾಗಿ ರಾತ್ರಿಯೆಲ್ಲ ಗೇಟು ಹಾಕುವುದಕ್ಕೆ ಆಗುತ್ತದೆ (ಹಾಕಲೇಬೇಕು, ಅದರಲ್ಲಿ ನನ್ನ ತಕರಾರಿಲ್ಲ). ಮಕ್ಕಳಿಗಾಗಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕಾರಿನ ವೇಗ ಇಳಿಸುವುದಕ್ಕೆ ಆಗುವುದಿಲ್ಲವೇ?

ಇನ್ನೊಂದು ಇದೆ, ಕಾರಿನಲ್ಲಿ ಕೂತವರಿಗೆ ಇದು ಕಾಣುವುದೇ ಇಲ್ಲ. ಡಾಂಬರಿನ ಅಂಚು. ರಸ್ತೆಗೆ ಮತ್ತೆ ಮತ್ತೆ ಡಾಂಬರು ಹಾಕಿ ಹಾಕಿ ನಡುಭಾಗ ಎತ್ತರ ಆಗುತ್ತದೆ, ಪಕ್ಕದ ಮಣ್ಣು ಮಳೆಗೆ ಕೊಚ್ಚಿ ತಗ್ಗಾಗುತ್ತದೆ. ಎಷ್ಟೋ ಕಡೆ ಅರ್ಧ ಅಡಿ ವ್ಯತ್ಯಾಸ. ಹಿಂದಿನಿಂದ ಹಾರನ್ ಕೇಳಿ ಗಾಬರಿಯಾಗಿ ಸೈಕಲ್ಲಿನ ಮುಂದಿನ ಚಕ್ರ ಆ ಅಂಚಿನಿಂದ ಇಳಿಯಿತೋ, ಮುಗಿಯಿತು, ಬಿದ್ದಂತೆಯೇ. ಮಕ್ಕಳು ಬೀಳುವುದು ತಿರುವಿನಲ್ಲಿ ಅಲ್ಲ, ಈ ಅಂಚಿನಲ್ಲಿ. ಡಾಂಬರು ಹಾಕಿದ ಮೇಲೆ ಎರಡು ಬದಿಗೆ ಕೆಂಪು ಮಣ್ಣು ಜಲ್ಲಿ ತುಂಬಿ ಗಟ್ಟಿ ಮಾಡಿದರೆ ಸಾಕು. ಎಸ್ಟಿಮೇಟಿನಲ್ಲಿ ಅದು ಇರುತ್ತದೆ, ರಸ್ತೆಯಲ್ಲಿ ಇರುವುದಿಲ್ಲ. ಮೂವತ್ತು ವರ್ಷ ಸಾಲದ ಕಾಗದ ನೋಡಿದವನಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ ಬಿಡಿ.

ರೂಟು ಕೇಳುವ ಹುಡುಗರಿಗೂ ಎರಡು ಮಾತು. ನೀವು ಬರಬೇಡಿ ಅಂತ ನಾನು ಹೇಳುವುದಿಲ್ಲ, ಬನ್ನಿ. ಕಾರಿನಲ್ಲಿ ಬರುವವರಿಗಿಂತ ನೀವು ನೂರು ಪಾಲು ವಾಸಿ. ಕಾರಿನವನು ಬೆಂಗಳೂರಿನಲ್ಲಿ ಡೀಸೆಲ್ ಹಾಕಿಸಿ, ಹೈವೇಯಲ್ಲಿ ತಿಂಡಿ ತಿಂದು, ಸೀದಾ ಹೋಂಸ್ಟೇ ಗೇಟಿನಲ್ಲಿ ಇಳಿಯುತ್ತಾನೆ, ನಡುವಿನ ಐದಾರು ಊರಿಗೆ ಅವನಿಂದ ಸಿಗುವುದು ಧೂಳು. ಸೈಕಲ್ಲಿನವನಿಗೆ ಹದಿನೈದು ಇಪ್ಪತ್ತು ಕಿಲೋಮೀಟರಿಗೊಮ್ಮೆ ಹೊಟ್ಟೆ ಕೇಳುತ್ತದೆ. ಮೊನ್ನೆಯ ಸವಾರಿಯಲ್ಲಿ ನಾನೇ ಜಯಪುರದಲ್ಲಿ ಬನ್ಸು ಕಾಫಿ, ನಡುವೆ ಒಂದು ಗೂಡಂಗಡಿಯಲ್ಲಿ ಬಾಳೆಹಣ್ಣು ಮಜ್ಜಿಗೆ, ಬಾಳೆಹೊನ್ನೂರಿನಲ್ಲಿ ಊಟ ಅಂತ ಮೂರು ಕಡೆ ದುಡ್ಡು ಬಿಚ್ಚಿದೆ. ಆದರೆ ಇತ್ತೀಚೆಗೆ ದೊಡ್ಡ ಗುಂಪುಗಳು ಬರುತ್ತವೆ ನೋಡಿ, ಹಿಂದೆ ಎರಡು ವ್ಯಾನು, ವ್ಯಾನಿನಲ್ಲಿ ಬೆಂಗಳೂರಿನ ಇಡ್ಲಿ, ಬೆಂಗಳೂರಿನ ನೀರು, ಬೆಂಗಳೂರಿನದೇ ಮೆಕ್ಯಾನಿಕ್ಕು. ಅದು ನನಗೆ ಹಿಡಿಸುವುದಿಲ್ಲ. ಬ್ರೆವೆ ಅಂತ ಒಂದು ಪದ್ಧತಿ ಇದೆ, ಫ್ರಾನ್ಸಿನಿಂದ ಬಂದದ್ದು. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ, 600ನ್ನು ನಲವತ್ತು ಗಂಟೆಯಲ್ಲಿ ಮುಗಿಸಬೇಕು. ಮುಖ್ಯ ನಿಯಮ ಏನಪ್ಪಾ ಅಂದರೆ ದಾರಿಯುದ್ದಕ್ಕೂ ನಿನ್ನ ಪಾಡು ನಿನಗೆ, ಹಿಂದೆ ಗಾಡಿ ಬರುವ ಹಾಗಿಲ್ಲ. ಪಂಚರ್ ಆದರೆ ನೀನೇ ಹಾಕಿಕೋ, ಹಸಿವಾದರೆ ಊರಿನಲ್ಲಿ ಕೇಳು. ಈ ಹುಚ್ಚಿನವರು ಹೈದರಾಬಾದಿನಲ್ಲೂ ಇದ್ದಾರೆ, ನನಗೆ ಅವರ ಮೇಲೆ ಗೌರವ. ಊರಿನವರ ಹತ್ತಿರ ಮಾತಾಡದೆ ಅವರ ಸವಾರಿ ಮುಗಿಯುವುದೇ ಇಲ್ಲ.

ಇನ್ನು, ದಯವಿಟ್ಟು ನಿಮ್ಮ ಹಳೆ ಸೈಕಲ್ಲುಗಳನ್ನು ನಮ್ಮೂರ ಮಕ್ಕಳಿಗೆ ದಾನ ಮಾಡುತ್ತೇವೆ ಅಂತ ಬರಬೇಡಿ. ಒಬ್ಬರು ಕೇಳಿದ್ದರು, ಅದಕ್ಕೇ ಹೇಳುತ್ತಿದ್ದೇನೆ. ಆ ಸಪೂರ ಟೈರು, ವಿದೇಶಿ ಚೈನು ಅಲ್ಲಿ ನಾಲ್ಕು ದಿನಕ್ಕೆ ಮೂಲೆ ಸೇರುತ್ತವೆ, ಬಿಡಿಭಾಗ ಕೊಪ್ಪದಲ್ಲಿ ಸಿಗುವುದಿಲ್ಲ. ಅಟ್ಟದ ಮೇಲಿರುವ ಸೈಕಲ್ಲುಗಳೇ ಬೇಕಾದಷ್ಟಿವೆ. ನಿಮ್ಮ ಚೀಲದಲ್ಲಿ ಜಾಗ ಇದ್ದರೆ 22 ಹಲ್ಲಿನ ಎರಡು ಫ್ರೀವೀಲು ಹಾಕಿಕೊಂಡು ಬನ್ನಿ. ನಾನು ಹೈದರಾಬಾದಿನ ಹಳೆಯ ಸೈಕಲ್ ಅಂಗಡಿಯೊಂದರಲ್ಲಿ ವಿಚಾರಿಸಿದೆ. ಅಂಗಡಿಯ ಚಾಚಾ ಕನ್ನಡಕ ಹಣೆಗೆ ಏರಿಸಿ, "ಪಹಾಡ್ ಪೇ ಚಲಾನಾ ಹೈ ಕ್ಯಾ?" ಅಂತ ತಾವೇ ಕೇಳಿದರು. ಏನೂ ಹೇಳುವ ಮೊದಲೇ ಅವರಿಗೆ ಅರ್ಥವಾಗಿತ್ತು. ಒಂದು ಒಳ್ಳೇ ಹೋಟೆಲಿನಲ್ಲಿ ಇಬ್ಬರು ಊಟ ಮಾಡಿದರೆ ಆಗುವ ಬಿಲ್ಲಿಗಿಂತ ಕಡಿಮೆಗೆ ಫ್ರೀವೀಲು, 36 ಹಲ್ಲಿನ ಚೈನ್‌ವೀಲು, ಕಾಟರ್ ಪಿನ್ನು, ಹೊಸ ಚೈನು ಎಲ್ಲ ಪೇಪರಿನಲ್ಲಿ ಸುತ್ತಿ ಕೊಟ್ಟರು.

ಡಿಸೆಂಬರಿನಲ್ಲಿ ಅದನ್ನು ಊರಿಗೆ ಒಯ್ದು ಅಣ್ಣನ ಮಗಳ ಆ ಹಳೆಯ ಸೈಕಲ್ಲಿಗೆ ಹಾಕಿಸಿದೆ. ಟೈರು ಟ್ಯೂಬು ಬದಲಾಯಿಸಬೇಕಾಯಿತು, ಉಳಿದದ್ದೆಲ್ಲ ಗಟ್ಟಿಯಾಗಿಯೇ ಇತ್ತು. ಅಣ್ಣನ ಮಗಳು ಈಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಅವಳಿಗೆ ಬೇಡ. ಆಚೆ ಮನೆಯ ಎಂಟನೇ ಕ್ಲಾಸಿನ ಹುಡುಗಿ ತೆಗೆದುಕೊಂಡು ಹೋದಳು. ಮೊನ್ನೆ ಅಣ್ಣ ಫೋನಿನಲ್ಲಿ ಹೇಳಿದ, ದಿನಾ ಹೋಗುತ್ತಿದ್ದಾಳಂತೆ, ಮೂರು ಏರಿನಲ್ಲಿ ಎರಡನ್ನು ಇಳಿಯದೆ ಹತ್ತುತ್ತಾಳಂತೆ. ಕಾಡುಮಲ್ಲಿಗೆ ಬಳ್ಳಿಯ ಹತ್ತಿರದ ಕೊನೆಯ ಏರಿನಲ್ಲಿ ಮಾತ್ರ ಇಳಿದು ತಳ್ಳುತ್ತಾಳಂತೆ. ಅದು ನೂರಕ್ಕೆ ಹನ್ನೊಂದರ ಏರು. ಏಳು ಗೇರು ಇಟ್ಟುಕೊಂಡು ನಾನೂ ಅಲ್ಲಿ ಇಳಿದೇ ತಳ್ಳುವುದು.